ಕುರ್ಚಿಯ ಹಿಂದಿನ ಮಾತು

ಜೂನ್ ೮

ಗುಬ್ಬಿಗೆ,

ಕತ್ತರಿ ಹಿಡಿದ ಕೈಯಲ್ಲಿ ನಿನ್ನ ಮಾವ ಪೆನ್ನು ಹಿಡಿದಿದ್ದಾನೆ. ಅಕ್ಷರ ಅಲ್ಲಲ್ಲಿ ಕೆದರಿದ್ದರೆ ನೀನೇ ಬಾಚಿಕೊಂಡು ಓದಿಕೊ.

ಮೊದಲು ಮುಖ್ಯ ಸುದ್ದಿ. ನೀನು ಬಿಟ್ಟುಹೋದ ತರಗತಿ ಸತ್ತಿಲ್ಲ, ಮೈ ತುಂಬಿಕೊಂಡಿದೆ. ಭಾಷೆ ಕಲಿಸುವುದನ್ನು ಕಲಿಯಲು ನೀನು ಆ ದೇಶಕ್ಕೆ ಹೋದೆ. ಆ ದೇಶಕ್ಕೆ ಕೆಲಸಕ್ಕೆ ಹೊರಟವರಿಗೆ ಅಲ್ಲಿಯ ಭಾಷೆ ಕಲಿಸಲು ಇಲ್ಲಿ ನಾನು ಉಳಿದೆ. ಓದಿದವಳು ಕಲಿಯುತ್ತಿದ್ದಾಳೆ, ಹಳ್ಳಿ ಶಾಲೆಯಲ್ಲಿ ಬೆಂಚು ಸವೆಸಿದವನು ಕಲಿಸುತ್ತಿದ್ದಾನೆ! ನಿಮ್ಮಮ್ಮನಿಗೆ ಇದನ್ನು ಹೇಳಿದರೆ, "ಕಾಲ ಕೆಟ್ಟೋಯ್ತು ಕಣೋ" ಅಂದಳು. ಅಕ್ಕನಾದವಳು ತಮ್ಮನನ್ನು ಇನ್ನು ಹೇಗೆ ತಾನೇ ಹೊಗಳಿಯಾಳು.

ಆ ದೇಶದ ಬಂದರಿನಲ್ಲಿ ಅಷ್ಟು ವರ್ಷ ಕ್ಷೌರದಂಗಡಿ ನಡೆಸಿದವನು ನಾನು. ಅರ್ಧ ಊರಿನ ತಲೆ ನನ್ನ ಕೈಯಲ್ಲಿತ್ತು. ಪುಸ್ತಕದಿಂದ ಕಲಿತ ಭಾಷೆಯಲ್ಲ ನನ್ನದು, ಕುತ್ತಿಗೆಗೆ ಬಟ್ಟೆ ಕಟ್ಟಿ ಕಲಿತದ್ದು. ನಿನ್ನ ಪದ್ಧತಿಯೂ ನನ್ನ ಕಸುಬೇ ಅಲ್ಲವೇ? ಗುಂಡಾಗಿ ಕುರ್ಚಿ ಹಾಕು, ನಡುವೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಡು. ಮಾತಾಡಬೇಕೆನ್ನಿಸಿದವರು ಕೈ ಎತ್ತಲಿ. ಅವರ ಬೆನ್ನ ಹಿಂದೆ ಹೋಗಿ ನಿಲ್ಲು, ಹೆಗಲ ಮೇಲೆ ಕೈ ಇಡು. ಹೆಂಗಸರಾದರೆ ಕುರ್ಚಿಯ ಬೆನ್ನಿನ ಮೇಲೆ. ನಮ್ಮ ಭಾಷೆಯಲ್ಲಿ ಅವರು ಹೇಳಿದ್ದನ್ನು ಆ ಭಾಷೆಗೆ ತಿರುಗಿಸಿ ಕಿವಿಯಲ್ಲಿ ಹೇಳು. ಅದನ್ನು ಅವರು ಟೇಪಿಗೆ ಹೇಳಲಿ. ಕೊನೆಗೆ ಎಲ್ಲರೂ ಕೂತು ಕೇಳಲಿ. ಜನರ ಬೆನ್ನ ಹಿಂದೆ ನಿಂತು ಕಿವಿಯಲ್ಲಿ ಪಿಸುಗುಡುವುದನ್ನೇ ನಾನು ಜನ್ಮವಿಡೀ ಮಾಡಿಕೊಂಡು ಬಂದದ್ದು. ಇದಕ್ಕೆ ಕಾಲೇಜು ಬೇರೆ ಕಟ್ಟಿದ್ದಾರೆ!

ಬಡಗಿ ಮೊದಲ ದಿನವೇ "ನನ್ನ ಹೆಂಡ್ತಿ ಗೊರಕೆ ಹೊಡೀತಾಳೆ" ಅಂದ. ಅದನ್ನೇ ತಿರುಗಿಸಿ ಕೊಟ್ಟೆ. ಟೇಪಿನಲ್ಲಿ ತನ್ನ ದನಿ ತಾನೇ ಕೇಳಿ, "ಅಬ್ಬಾ, ಸಾಹೇಬ್ರ ಹಾಗೆ ಬೈದಿದ್ದೀನಲ್ಲ" ಎಂದು ಹಿಗ್ಗಿದ. ನರ್ಸಮ್ಮ ಎಲ್ಲರ ಆರೋಗ್ಯ ವಿಚಾರಿಸಿದಳು. ಹೊಲಿಗೆಯವಳೊಬ್ಬಳು ಮಾತ್ರ ಕೈ ಎತ್ತುವುದೇ ಇಲ್ಲ. ಲಾರಿ ಓಡಿಸುವವನ ತಂಗಿ, ನಿನಗೆ ಗೊತ್ತು. ಬಟ್ಟೆ ಹೊಲಿದೂ ಹೊಲಿದೂ ಬಾಯನ್ನೂ ಹೊಲಿದುಕೊಂಡಿದ್ದಾಳೆ. ಬಿಚ್ಚಿಸುತ್ತೇನೆ ನೋಡುತ್ತಿರು.

ಇಂತಿ ನಿನ್ನ ಏಕೈಕ ವಿದ್ವಾಂಸ,
ಕತ್ತರಿ ಮಾವ


ಜೂನ್ ೨೬

ಪ್ರೀತಿಯ ಮಾವ,

ನಿನ್ನ ಪತ್ರವನ್ನು ಬಸ್ಸಿನಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಆದರೆ ಒಂದು ಮಾತು. ಹೊಲಿಗೆಯವಳನ್ನು ಬಿಚ್ಚಿಸಬೇಡ. ಸುಮ್ಮನಿರುವುದೂ ಕಲಿಕೆಯೇ ಎಂದು ಇಲ್ಲಿ ನಮಗೆ ಹೇಳುತ್ತಾರೆ. ದೊಡ್ಡವರು ಹೊಸ ಭಾಷೆಯ ಮುಂದೆ ಕೂತಾಗ ಮತ್ತೆ ಮಗುವಾಗುತ್ತಾರೆ, ಅಳುಕುತ್ತಾರೆ, ಹಿಂದೆ ನಿಂತವನನ್ನು ಕಣ್ಣುಮುಚ್ಚಿ ನಂಬುತ್ತಾರೆ. ಮುಖ ಕಾಣಿಸದಂತೆ ನಾವು ಹಿಂದೆ ನಿಲ್ಲುವುದು ಅದಕ್ಕೇ. ಮಾತು ಅವರದು, ನಮ್ಮದು ಉಸಿರು ಮಾತ್ರ. ಏನನ್ನೂ ಸೇರಿಸಬೇಡ, ಏನನ್ನೂ ಕಳೆಯಬೇಡ. ಕೆಟ್ಟ ಮಾತಾದರೂ, ಪೆದ್ದು ಮಾತಾದರೂ ಹಾಗೇ ದಾಟಿಸು.

ನಿನ್ನ ಬಾಯಿ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ಮನೆಗೆ ಬಂದ ನೆಂಟರು "ಹೆಸರೇನು ಪುಟ್ಟಿ?" ಅಂದರೆ ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿಬಿಡುತ್ತಿದ್ದೆ. ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ,
ಗುಬ್ಬಿ


ಜುಲೈ ೧೪

ಗುಬ್ಬಿಗೆ,

ಎದ್ದು ನಿಂತು ಓದು. ನಿನ್ನ ಮಾವ ಗೆದ್ದಿದ್ದಾನೆ.

ಹೋದ ಭಾನುವಾರ ಹೊಲಿಗೆಯವಳು ಕೈ ಎತ್ತಿದಳು! ಬಡಗಿ ಕೆಮ್ಮುವುದನ್ನು ನಿಲ್ಲಿಸಿದ, ನರ್ಸಮ್ಮ ಬೀಸಣಿಗೆ ಕೆಳಗಿಟ್ಟಳು. ನಾನು ಹೋಗಿ ಅವಳ ಕುರ್ಚಿಯ ಹಿಂದೆ ನಿಂತೆ. ಬೆನ್ನು ಹಲಗೆಯ ಹಾಗೆ ನೆಟ್ಟಗಾಗಿತ್ತು. ಕೊನೆಗೆ ತಲೆ ಅರ್ಧ ತಿರುಗಿಸಿ, ನನಗೆ ಮಾತ್ರ ಕೇಳುವ ಹಾಗೆ, "ನನಗೆ ಹೋಗೋಕೆ ಇಷ್ಟ ಇಲ್ಲ" ಅಂದಳು.

ಏನು ಮಾಡಲಿ ಹೇಳು? ಅವಳ ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಬಟ್ಟೆ ಕಾರ್ಖಾನೆ, ಮೂರು ವರ್ಷದ ಕರಾರು, ಇರಲು ಕೋಣೆ. ಹೆತ್ತವರು ಹೋದ ಮೇಲೆ ಸಾಕಿದ ಅಣ್ಣ. ಇವಳಿಗೆ ಸುಮ್ಮನೆ ಪುಕ್ಕಲು. ನಾನೂ ಹಡಗು ಹತ್ತುವ ದಿನ ಹೊಟ್ಟೆನೋವೆಂದು ಮಲಗಿದವನೇ. ಅಳುಕಿನ ಮಾತನ್ನು ಬಾಯಲ್ಲಿ ಪಳಗಿಸಿದರೆ ಅದು ಮನಸ್ಸಿನಲ್ಲೂ ಬೇರುಬಿಡುತ್ತದೆ ಎಂದು ಹೊಳೆಯಿತು. ಆ ಭಾಷೆಯಲ್ಲಿ "ಹೋಗೋಕೆ ನನಗೆ ತುಂಬ ಸಂತೋಷ" ಎಂದು ಕಿವಿಯಲ್ಲಿ ಹೇಳಿಕೊಟ್ಟೆ. ಅದನ್ನೇ ಟೇಪಿಗೆ ಹೇಳಿದಳು ನೋಡು, ಒಂದು ಚೂರೂ ತಡವರಿಸದೆ! ಬೇರೆಯವರು ಅರ್ಥ ಕೇಳಿದರೆ ಬೇಡವೆಂದು ತಲೆಯಾಡಿಸಿದಳು. ನಾನೂ ಗುಟ್ಟು ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಅವಳ ಮುಖದಲ್ಲಿ ಆ ದಿನ ಬಂದ ಕಳೆ, ಒಳ್ಳೆಯ ಕ್ಷೌರವಾದ ಮೇಲೆ ಗಂಡಸರ ಮುಖಕ್ಕೆ ಬರುತ್ತದಲ್ಲ, ಅದು.

ಬೇಡ ಎಂಬುದನ್ನು ಬೇಕು ಎನ್ನಿಸಿದೆ. ನಿನ್ನ ಕಾಲೇಜಿನಲ್ಲಿ ಇಂಥದ್ದನ್ನು ಯಾವ ಪ್ರೊಫೆಸರಾದರೂ ಮಾಡಿದ್ದಾನೆಯೇ ಕೇಳಿ ಬರೆ.

ಇಂತಿ,
ಸಾಕ್ಷಾತ್ ನಿನ್ನ ಮಾವ


ಜುಲೈ ೩೦

ಮಾವ,

ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಅವಳ ಬಾಯಿಂದ ಮೊದಲ ಮಾತು ಹೊರಟಿತ್ತು. ನೀನು ಅದನ್ನು ತೆಗೆದುಕೊಂಡು ನಿನ್ನ ಮಾತನ್ನು ಇಟ್ಟೆ. ತಾನು ಹೇಳಿದ್ದು ತನ್ನದೇ ಮಾತು ಎಂದು ಅವಳು ನಂಬಿದ್ದಾಳೆ.

ಮುಂದಿನ ಭಾನುವಾರವೇ ಹೇಳಿಬಿಡು. ಇನ್ನೊಂದು ವಿಚಾರ. ಕಾರ್ಖಾನೆಯಿಂದ ಆಳು ಆರಿಸಲು ಯಾರೋ ಬರುತ್ತಾರಂತಲ್ಲ, ಯಾವಾಗ? ಅಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸುತ್ತಾರೆ ಎಂದು ಕೇಳಿದ್ದೇನೆ. ಅಣ್ಣ ಜೊತೆಯಲ್ಲಿರುವುದಿಲ್ಲ. ಮಾವ, ಅವಳು ಆ ವಾಕ್ಯವನ್ನು ಯಾತಕ್ಕೆ ಕಲಿತಳೆಂದು ಯೋಚಿಸಿದೆಯಾ?

ಗುಬ್ಬಿ


ಆಗಸ್ಟ್ ೨೦

ಗುಬ್ಬಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಇಳಿದಿದೆ. ಟೇಪ್ ರೆಕಾರ್ಡರ್ ಕರಕರ ಎನ್ನುತ್ತಿತ್ತು. ರೇಡಿಯೋ ರಿಪೇರಿಯವನು ಬಿಚ್ಚಿ, ಹೊಟ್ಟೆಯಿಂದ ಒಂದು ಹಿಡಿ ಕೂದಲು ತೆಗೆದು, "ಮಾವ, ಇದಕ್ಕೂ ಕಟಿಂಗ್ ಮಾಡ್ತೀರಾ?" ಎಂದ. ಬಡಗಿ ಕುರ್ಚಿಗಳ ಕಾಲು ಸರಿಮಾಡಿಕೊಟ್ಟ. ಕೋಣೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದೇನೆ.

ನಿನ್ನ ಪತ್ರ ಬಂತು. ಭಾನುವಾರ ಹೇಳಬೇಕೆಂದೇ ಹೋಗಿದ್ದೆ. ಅವಳು ಅಂದು ನಗುತ್ತ ಬಂದಿದ್ದಳು. ನರ್ಸಮ್ಮನಿಗೆ ರವಿಕೆಯ ಅಳತೆ ತೆಗೆದುಕೊಳ್ಳುತ್ತ ಏನೋ ತಮಾಷೆಯನ್ನೂ ಮಾಡಿದಳು. ನಗುವವರ ಮುಂದೆ ಅಂಥ ಮಾತು ತೆಗೆಯುವುದು ಹೇಗೆ? ಅದೂ ಅಲ್ಲದೆ ಬಡಗಿ ಇದ್ದ. ಅವನ ಮುಂದೆ ಈ ಮಾವ ಸುಳ್ಳು ಹೇಳಿಕೊಟ್ಟ ಎಂದಾದರೆ ನಾಳೆ ಅಂಗಡಿಯಲ್ಲಿ ಯಾರು ಕೂತಾರು?

ಕಾರ್ಖಾನೆಯವರು ಬರುವುದು ಈ ಗುರುವಾರ. ಅದಕ್ಕೆ ಮೊದಲು ಖಂಡಿತ ಹೇಳುತ್ತೇನೆ. ಅಷ್ಟಕ್ಕೂ ಅವಳಂಥ ಮೂಕಿ ಅಲ್ಲಿ ಹೋಗಿ ಬಾಯಿ ಬಿಡುತ್ತಾಳೆಂದು ನನಗೆ ಅನ್ನಿಸುವುದಿಲ್ಲ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಮಾವ


ಸೆಪ್ಟೆಂಬರ್ ೯

ಗುಬ್ಬಿಗೆ,

ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಅವಳ ಮನೆಯ ತಿರುವಿನವರೆಗೂ ಹೋಗಿದ್ದೆ. ಲಾರಿ ಬಾಗಿಲಲ್ಲೇ ನಿಂತಿತ್ತು, ಅವಳ ಅಣ್ಣ ಗಾಜು ಒರೆಸುತ್ತಿದ್ದ. "ಏನ್ ಮಾವ, ಬೆಳಿಗ್ಗೆ ಬೆಳಿಗ್ಗೆ? ತಂಗಿಗೆ ಧೈರ್ಯ ಹೇಳೋಕ್ ಬಂದ್ರಾ?" ಅಂದ. "ಹೂಂ ಕಣಪ್ಪ" ಅಂದು, ಒಂದು ಲೋಟ ಟೀ ಕುಡಿದು ಬಂದುಬಿಟ್ಟೆ. ಅವಳು ಒಳಗೆ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾವಿಬ್ಬರೂ ಯಾವುದೋ ಗುಟ್ಟಿನಲ್ಲಿ ಪಾಲುದಾರರು ಎನ್ನುವ ಹಾಗೆ.

ಆ ಸಂಜೆ ನೇರ ಅಂಗಡಿಗೆ ಬಂದಳು. ಗಿರಾಕಿ ಹೋಗುವ ತನಕ ಬೆಂಚಿನ ತುದಿಯಲ್ಲಿ ಕಾದಳು. ಆಮೇಲೆ ಮಳೆ ಬಂದ ಹಾಗೆ ಮಾತು!

"ಹೇಳ್ಬಿಟ್ಟೆ ಮಾವ! ಕನ್ನಡಕ ಹಾಕ್ಕೊಂಡಿದ್ದ ವಯಸ್ಸಾದ ಹೆಂಗಸು. ಒಳ್ಳೆಯವರು. ಏನೇನೋ ಕೇಳಿದ್ರು, ಅರ್ಧ ಗೊತ್ತಾಗಲಿಲ್ಲ. ಕೊನೇಗೆ ನಾನೇ ಹೇಳ್ದೆ, ನೀವು ಹೇಳಿಕೊಟ್ಟಿದ್ದು. ಅವರು ನನ್ನ ಕೈ ಹಿಡ್ಕೊಂಡ್ರು. ಅಣ್ಣನ ಮುಂದೆ ಬೇಡ ಅನ್ನೋಕೆ ನನಗೆ ಬಾಯೇ ಬರಲ್ಲ. ಅವರೇ ಬೇಡ ಅಂದ್ರೆ ಅಣ್ಣನಿಗೂ ನೋವಿಲ್ಲ, ನನಗೂ ಇಲ್ಲ. ಅದಕ್ಕೇ ಈ ಕ್ಲಾಸಿಗೆ ಸೇರಿದ್ದು ಮಾವ, ಈ ಒಂದು ಮಾತಿಗೆ."

ನನ್ನ ಕೈಯಲ್ಲಿ ಬ್ರಷ್ ಇತ್ತು. ಒಣಗಿದ ಬ್ರಷ್ಷನ್ನೇ ತೊಳೆಯುತ್ತ ನಿಂತೆ. ಆಗಲಾದರೂ ಹೇಳಬಹುದಿತ್ತು. "ಜಾಣೆ" ಅಂದೆ. ನಿನ್ನಾಣೆ, ಅಷ್ಟೇ ಅಂದದ್ದು.

ಹೋದ ವಾರ ಕಾಗದ ಬಂತು. ಅವಳನ್ನು ಆರಿಸಿದ್ದಾರೆ. ಮೊದಲ ಹೆಸರೇ ಅವಳದು. ಅಣ್ಣ ಬೀದಿಯುದ್ದಕ್ಕೂ ಹಾರ್ನ್ ಹೊಡೆದುಕೊಂಡು ಬಂದ.

ಇದು ಸಾಲದೆಂದು ಕೇಳು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. "ಅವರಿಗೆ ನನ್ನ ಮಾತು ಅರ್ಥ ಆಗಲಿಲ್ಲ ಅನ್ಸುತ್ತೆ ಮಾವ. ನನ್ನ ಉಚ್ಚಾರ ಸರಿ ಇರಲಿಲ್ವೇನೋ" ಅಂದಳು. ಹಳೆಯ ಕ್ಯಾಸೆಟ್ ಹಾಕಿಸಿಕೊಂಡು ಅದೇ ವಾಕ್ಯವನ್ನು ಮತ್ತೆ ಮತ್ತೆ ತಿದ್ದತೊಡಗಿದಳು. ಕೇಳುವುದು, ನಿಲ್ಲಿಸುವುದು, ಹೇಳುವುದು. ತಪ್ಪು ತನ್ನ ನಾಲಿಗೆಯದೆಂದು ತಿಳಿದು ನನ್ನ ಸುಳ್ಳನ್ನು ನುಣ್ಣಗೆ ಮಾಡುತ್ತಿದ್ದಳು. "ಈಗ ಸರಿ ಇದ್ಯಾ ಮಾವ?" ಎಂದು ಕೇಳಿದಳು.

ಸರಿ ಇತ್ತು ಗುಬ್ಬಿ. ಅಲ್ಲೇ ಹುಟ್ಟಿದವರ ಹಾಗೆ ಹೇಳುತ್ತಿದ್ದಳು.

ಮೊನ್ನೆ ಒಬ್ಬ ಗಿರಾಕಿಯ ಕಿವಿ ಗೀರಿದೆ. ಇಷ್ಟು ವರ್ಷದಲ್ಲಿ ಮೊದಲನೆಯದು. ಹೇಗಾದರೂ ನೀನೇ ಅವಳಿಗೆ ಒಂದು ಕಾಗದ ಬರೆದು ತಿಳಿಸುತ್ತೀಯಾ? ನೀನಾದರೆ ನಯವಾಗಿ ಹೇಳುತ್ತೀಯ.

ಮಾವ


ಸೆಪ್ಟೆಂಬರ್ ೨೫

ಮಾವ,

ನಾನು ಬರೆಯುವುದಿಲ್ಲ. ನಿನ್ನ ಪರವಾಗಿ ನಾನು ಮಾತಾಡಿದರೆ ನೀನು ಮಾಡಿದ್ದನ್ನೇ ನಾನೂ ಮಾಡಿದ ಹಾಗೆ.

ಬೈಯಲು ಕೂತೆ, ಕೈ ಬರಲಿಲ್ಲ. ನಿನ್ನನ್ನು ಆ ಕುರ್ಚಿಗಳ ಹಿಂದೆ ನಿಲ್ಲಿಸಿದವಳು ನಾನೇ. ನಿನಗೆ ಭಾಷೆ ಬರುತ್ತದೆಯೋ ಇಲ್ಲವೋ ಎಂದಷ್ಟೇ ನೋಡಿದೆ. ಸುಮ್ಮನಿರಲು ಬರುತ್ತದೆಯೇ ಎಂದು ನೋಡಲಿಲ್ಲ. ತರಗತಿ ನಿಂತುಹೋಗಬಾರದೆಂಬ ಆಸೆ ನನ್ನದು. ಇಲ್ಲಿ ಪಾಠ ಕೇಳುತ್ತ ಕೂತಾಗಲೆಲ್ಲ ಅವಳು ಕ್ಯಾಸೆಟ್ ಮುಂದೆ ಕೂತದ್ದು ಕಣ್ಣಿಗೆ ಬರುತ್ತದೆ.

ನೀನು ಹೇಳು. ಜನರ ಮುಂದಾದರೂ ಸರಿ, ಅವಳೊಬ್ಬಳ ಮುಂದಾದರೂ ಸರಿ, ಆದರೆ ನಿನ್ನ ಬಾಯಿಂದ. ಆಮೇಲೆ ಅವಳು ಏನು ಬೇಕೆನ್ನುತ್ತಾಳೋ ಅದನ್ನು ನನಗೆ ತಿಳಿಸು. ಕಾರ್ಖಾನೆಯ ಕಚೇರಿ ನಾನಿರುವ ಊರಿನಲ್ಲೇ ಇದೆ.

ಗುಬ್ಬಿ


ಅಕ್ಟೋಬರ್ ೧೩

ಗುಬ್ಬಿಗೆ,

ಹೇಳಿದೆ.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ, "ಒಂದು ನಿಮಿಷ ಇರಮ್ಮ" ಅಂದೆ. ಅವಳು ಕ್ಯಾಸೆಟ್ ಕೈಗೆತ್ತಿಕೊಂಡಿದ್ದಳು. ನಿಂತಲ್ಲೇ ಹೇಳಿ ಮುಗಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಡೆದ ಮುತ್ತು ನನ್ನದೂ ಆಗಿರಲಿಲ್ಲ.

ಅಳುತ್ತಾಳೆಂದುಕೊಂಡೆ. ಬೈದರೆ ಇನ್ನೂ ಒಳ್ಳೆಯದೆಂದುಕೊಂಡೆ. ಅವಳು ಒಂದು ಕುರ್ಚಿ ಎಳೆದು ನಡುವೆ ಹಾಕಿ, "ಕೂತ್ಕೊಳ್ಳಿ" ಅಂದಳು. ಕೂತೆ. ನನ್ನ ಹಿಂದೆ ಬಂದು ನಿಂತಳು. ಗುಬ್ಬಿ, ಆ ಕುರ್ಚಿಯಲ್ಲಿ ನಾನು ಎಂದೂ ಕೂತಿರಲಿಲ್ಲ. ಹಿಂದೆ ನಿಂತವರ ಮುಖ ಕಾಣದಿದ್ದರೆ ಎಷ್ಟು ಭಯವಾಗುತ್ತದೆಂದು ನೀನು ಯಾಕೆ ಹೇಳಿರಲಿಲ್ಲ?

"ಈಗ ಹೇಳಿ" ಅಂದಳು.

"ಈ ಮುದುಕನ ನಾಲಿಗೆಗೆ ಎಲುಬಿಲ್ಲ ಕಣಮ್ಮ..."

"ತಮಾಷೆ ಬೇಡ."

"ನಿನ್ನ ಒಳ್ಳೇದಕ್ಕೇ ಅಂತ ನಾನು..."

"ಅದೂ ಬೇಡ."

ಕುರ್ಚಿಯ ಬೆನ್ನನ್ನು ಅವಳು ಹಿಡಿದದ್ದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ, "ನಿನ್ನ ಮಾತನ್ನ ನಾನು ಬದಲಾಯಿಸಿದೆ" ಅಂದೆ.

"ಹಾಂ. ಅದು" ಅಂದಳು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು. "ಇಲ್ಲ ಅನ್ನೋ ಪದ ಆ ವಾಕ್ಯದಲ್ಲಿ ಬರಲ್ವಲ್ಲ ಅಂತ ಈಚೆಗೆ ನನಗೇ ಅನ್ನಿಸ್ತಿತ್ತು ಮಾವ. ನನಗೆ ಭಾಷೆ ಅಷ್ಟು ಬರಲ್ಲ, ಮಾವನಿಗೆ ಬರುತ್ತೆ ಅಂತ ಸುಮ್ಮನಾದೆ."

ಕತ್ತರಿಯಿಂದ ಚುಚ್ಚಿದ್ದರೂ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಯಾಕೆ ಹೋಗಲು ಇಷ್ಟವಿಲ್ಲ ಎಂದು ಆಗ ಮೊದಲ ಸಲ ಕೇಳಿದೆ. ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೋ, ಏನಾದರೂ ಕಾಯಿಲೆಯೋ ಎಂದೆಲ್ಲ ನನ್ನ ತಲೆ ಓಡುತ್ತಿತ್ತು. "ನನಗೆ ಇಲ್ಲೇ ಇರಬೇಕು. ಕಿಟಕಿ ಹತ್ರ ನನ್ನ ಯಂತ್ರ ಇದೆ, ನನ್ನ ಗಿರಾಕಿಗಳಿದ್ದಾರೆ. ಇಷ್ಟ ಇಲ್ಲ ಅನ್ನೋಕೆ ಇನ್ನೂ ದೊಡ್ಡ ಕಾರಣ ಬೇಕಾ?" ಅಂದಳು.

ಟೇಪಿಗೆ ಹೊಸ ಕ್ಯಾಸೆಟ್ ಹಾಕಿದಳು. ನಾನು ಎದ್ದು ಹಿಂದೆ ನಿಲ್ಲಲು ಹೋದೆ. "ಅಲ್ಲೇ ಇರಿ, ಈ ಸಲ ನಾನೇ" ಅಂದಳು. ಹೇಳಿದಳು. ಹೋಗಲು ಇಷ್ಟವಿಲ್ಲವೆಂದು, ಆ ಭಾಷೆಯಲ್ಲೇ. ಮೂರು ಕಡೆ ತಪ್ಪಿತ್ತು. ತಿದ್ದಲು ನನ್ನ ಬಾಯಿ ಎಷ್ಟು ತುರಿಸಿತು ಗೊತ್ತೇ? ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಆ ಕ್ಯಾಸೆಟ್ಟನ್ನೇ ಈ ಪತ್ರದ ಜೊತೆ ಕಳಿಸಿದ್ದೇನೆ. ಕನ್ನಡಕದ ಹೆಂಗಸಿಗೆ ಕೇಳಿಸಬೇಕಂತೆ. ಹಾಗೆಂದು ಅವಳೇ ಹೇಳಿದ್ದು. ನಾನು ಏನೂ ಸೇರಿಸಿಲ್ಲ.

ಮಾವ


ಅಕ್ಟೋಬರ್ ೩೧

ಮಾವ,

ಕನ್ನಡಕದ ಹೆಂಗಸು ಎರಡು ಸಲ ಕೇಳಿಸಿಕೊಂಡರು. ಮೊದಲ ಸಲ ಹುಬ್ಬು ಗಂಟಿಕ್ಕಿದರು, ಎರಡನೆಯ ಸಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮುಂದೆ ಎಷ್ಟು ಚೆನ್ನಾಗಿ ಹೇಳಿದಳು! ಇದರಲ್ಲಿ ಇಷ್ಟು ತಪ್ಪು. ಆದರೆ ಇದನ್ನು ನಂಬುತ್ತೇನೆ" ಎಂದರು. ಹೆಸರು ತೆಗೆದಿದ್ದಾರೆ. ಒಮ್ಮೆ ತೆಗೆದರೆ ಆ ಕಾರ್ಖಾನೆಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ. ಅದನ್ನು ಅವಳಿಗೆ ತಪ್ಪದೆ ಹೇಳು.

ಕಾರಣ ತಿಳಿಸದೆ ಮನೆಗೆ ಕಾಗದ ಕಳಿಸುತ್ತಾರೆ. ಅಣ್ಣನಿಗೆ ಏನು ಹೇಳಬೇಕೆನ್ನುವುದು ಅವಳಿಗೆ ಬಿಟ್ಟದ್ದು. ನಾನು ಬರುವವರೆಗೆ ತರಗತಿ ಮುಚ್ಚು ಎಂದು ಬರೆಯಲು ಹೊರಟಿದ್ದೆ. ಬರೆಯುತ್ತಿಲ್ಲ. ಮುಚ್ಚಬೇಕೋ ಬೇಡವೋ ಕೂತವರನ್ನೇ ಕೇಳು.

ಗುಬ್ಬಿ


ನವೆಂಬರ್ ೨೩

ಗುಬ್ಬಿಗೆ,

ಕಾಗದ ಬಂತು. ಲಾರಿಯವನು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ. ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬುದನ್ನು ಅವಳಿಗೆ ತಿಳಿಸುವಾಗ ನಾನು ಒಂದು ಉಪಾಯ ಹೂಡಿದ್ದೆ. "ನಾನೇ ತಪ್ಪಾಗಿ ಕಲಿಸಿದೆ, ಅದಕ್ಕೇ ಬೇಡ ಅಂದ್ರು ಅಂತ ಅಣ್ಣನಿಗೆ ಹೇಳ್ತೀನಮ್ಮ. ಊರು ನನ್ನನ್ನ ಆಡಿಕೊಳ್ಳಲಿ, ನನ್ನ ಭಾಷೆಯ ಜಂಬ ಇಳೀಲಿ, ನೀನು ಪಾರಾಗ್ತೀಯ" ಅಂದೆ. ನನ್ನ ಪಾಪಕ್ಕೆ ಅದು ಕಡಿಮೆ ದಂಡವೇ.

ಅವಳು ನನ್ನನ್ನು ನೋಡಿ, "ಅದನ್ನೂ ನೀವೇ ಹೇಳ್ಬಿಡ್ತೀರಾ ಮಾವ?" ಅಂದಳು. ನನ್ನ ಒಳ್ಳೆಯತನವೂ ಯಾರದೋ ಬಾಯಿ ಮುಚ್ಚುವ ಕೈ ಎಂದು ಆಗ ಗೊತ್ತಾಯಿತು.

ನಿನ್ನೆ ಬೆಳಿಗ್ಗೆ ಲಾರಿಯವನು ಗಡ್ಡಕ್ಕೆ ಬಂದ. ಕುತ್ತಿಗೆಗೆ ಬಟ್ಟೆ ಕಟ್ಟಿದೆ, ನೊರೆ ಹಚ್ಚಿದೆ. ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ, "ನಿಮಗೆ ಆ ಭಾಷೆ ನಿಜವಾಗ್ಲೂ ಬರುತ್ತಾ, ಇಲ್ಲ ಹಡಗಲ್ಲಿ ಪಾತ್ರೆ ತೊಳ್ಕೊಂಡು ಬಂದ್ರಾ?" ಅಂದ. ಬೇರೆ ದಿನವಾಗಿದ್ದರೆ ಇದಕ್ಕೆ ನನ್ನ ಹತ್ತಿರ ಅರ್ಧ ಗಂಟೆಯ ಉತ್ತರವಿತ್ತು. ಕೆಳತುಟಿ ಕಚ್ಚಿಕೊಂಡು ಅರ್ಧ ಮುಖ ಮುಗಿಸಿದೆ.

ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಯಾರದೋ ಹೊಲಿದ ಬಟ್ಟೆಯ ಗಂಟು. ಅಣ್ಣ ಕನ್ನಡಿಯಲ್ಲೇ ನೋಡಿದ. ಅರ್ಧ ಮುಖ ನೊರೆಯಿಟ್ಟುಕೊಂಡು ಯಾವ ಗಂಡಸೂ ಎದ್ದು ಓಡಲಾರ. ಅದನ್ನು ಲೆಕ್ಕ ಹಾಕಿಯೇ ಬಂದಿದ್ದಳೋ ಏನೋ, ಕೇಳಿಲ್ಲ. ನನ್ನ ಒಂದು ಕೈ ಅವನ ಹೆಗಲ ಮೇಲಿತ್ತು, ಇನ್ನೊಂದರಲ್ಲಿ ಕತ್ತಿ. ಅಭ್ಯಾಸಬಲದಿಂದ ಬಾಯಿ ತೆರೆದೆ. ಮುಚ್ಚಿಕೊಂಡೆ.

ಅವಳು ನಮ್ಮ ಭಾಷೆಯಲ್ಲೇ, ನಮ್ಮಿಬ್ಬರಿಗೂ ಕೇಳುವ ಹಾಗೆ ಹೇಳಿದಳು. "ನನಗೆ ಹೋಗೋಕೆ ಇಷ್ಟ ಇಲ್ಲ ಅಣ್ಣ. ಅವರಿಗೆ ನಾನೇ ಬೇಡ ಅಂತ ಹೇಳಿ ಕಳಿಸಿದೆ."

ಹೇಳಿ, ಬಟ್ಟೆ ಕೊಡಬೇಕಾದ ಮನೆಯ ಕಡೆ ಹೋದಳು.

ಅವನ ಹೆಗಲು ನನ್ನ ಅಂಗೈ ಕೆಳಗೆ ಒಮ್ಮೆ ಗಟ್ಟಿಯಾಗಿ ಆಮೇಲೆ ಕುಸಿಯಿತು. ತುಂಬ ಹೊತ್ತು ಕನ್ನಡಿಯಲ್ಲಿ ಖಾಲಿ ಬಾಗಿಲನ್ನೇ ನೋಡುತ್ತಿದ್ದ. ನೊರೆ ಒಣಗಿ ಬಿರುಕು ಬಿಡತೊಡಗಿತ್ತು. ಕೊನೆಗೆ ಸಣ್ಣ ದನಿಯಲ್ಲಿ, "ಅವಳು ಏನಂದ್ಲು ಮಾವ?" ಎಂದು ಕೇಳಿದ.

ಅವನ ಸ್ವಂತ ತಂಗಿ, ಅವನದೇ ಭಾಷೆ. ಆದರೂ ನನ್ನನ್ನು ಕೇಳಿದ.

ಹೇಳಬಹುದಾದದ್ದು ಎಷ್ಟಿತ್ತು ಗುಬ್ಬಿ! ಅವಳಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ಎನ್ನಬಹುದಿತ್ತು, ನೀನು ಕೆಟ್ಟವನಲ್ಲಪ್ಪ ಎನ್ನಬಹುದಿತ್ತು. ನಾನು ಅವನ ಕಿವಿಯ ಹತ್ತಿರ ಬಗ್ಗಿದೆ.

"ನನಗೆ ಹೋಗೋಕೆ ಇಷ್ಟ ಇಲ್ಲ ಅಣ್ಣ, ಅಂದಳು. ಅವರಿಗೆ ನಾನೇ ಬೇಡ ಅಂತ ಹೇಳಿ ಕಳಿಸಿದೆ, ಅಂದಳು" ಅಂದೆ.

ಆಮೇಲೆ ಬ್ರಷ್ ಒದ್ದೆ ಮಾಡಿ, ಉಳಿದರ್ಧಕ್ಕೆ ಹೊಸದಾಗಿ ನೊರೆ ಹಚ್ಚಿದೆ.

ಇಂತಿ,
ಮಾವ